ಇಲ್ ಸೊರ್ಪಾಸ್ಸೊ (1962): ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಈ ಹಳೆಯ ಸಿನಿಮಾವನ್ನು ಯಾರಿಗಾದರೂ ನೋಡಲು ಹೇಳಿದರೆ ಪ್ರಶ್ನೆಗಳು ಎರಡು ಕಂತಿನಲ್ಲಿ ಬರುತ್ತವೆ. ನೋಡುವ ಮೊದಲು ಕೆಲವು, ನೋಡಿದ ಮೇಲೆ ಹಲವು. ಎರಡನೆಯ ಕಂತಿನ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ಸಿಟ್ಟೂ ಬೆರೆತಿರುತ್ತದೆ. ಆದ್ದರಿಂದ ಈ ಪುಟವನ್ನೂ ಎರಡು ಭಾಗ ಮಾಡಿದ್ದೇನೆ. ಮೊದಲ ಭಾಗವನ್ನು ಯಾರು ಬೇಕಾದರೂ ಓದಬಹುದು. ಎರಡನೆಯದರಲ್ಲಿ ಅಂತ್ಯದ ಗುಟ್ಟು ಬಯಲಾಗುತ್ತದೆ. ಸಿನಿಮಾ ನೋಡದವರು ಅಲ್ಲಿಗೆ ಕಾಲಿಡಬೇಡಿ.

ನೋಡುವ ಮುನ್ನ

ಇದು ಯಾವ ಸಿನಿಮಾ? ಕಥೆ ಏನು?

1962ರ ಡಿಸೆಂಬರ್‌ನಲ್ಲಿ ಇಟಲಿಯಲ್ಲಿ ತೆರೆಕಂಡ ಚಿತ್ರ. ನಿರ್ದೇಶಕ ಡಿನೋ ರೀಸಿ. ಚಿತ್ರಕಥೆ ಬರೆದವರು ಸ್ವತಃ ರೀಸಿ, ಎತ್ತೋರೆ ಸ್ಕೋಲಾ ಮತ್ತು ರುಜ್ಜೇರೊ ಮಕ್ಕಾರಿ. ಹೆಸರಿನ ಅರ್ಥ ರಸ್ತೆಯಲ್ಲಿ ಮುಂದಿರುವ ವಾಹನವನ್ನು ಹಿಂದಿಕ್ಕುವುದು, ಅಂದರೆ ಓವರ್‌ಟೇಕ್. ಇಂಗ್ಲಿಷ್ ನಾಡುಗಳಲ್ಲಿ 'ದಿ ಈಸಿ ಲೈಫ್' ಎಂಬ ಹೆಸರಿನಲ್ಲಿ ಪ್ರದರ್ಶನ ಕಂಡಿತು.

ಕಥೆ ಎರಡು ದಿನದ್ದು. ಆಗಸ್ಟ್ 15ರ ಬೆಳಿಗ್ಗೆ ರೋಮ್ ನಗರದಲ್ಲಿ ನರಪಿಳ್ಳೆಯಿಲ್ಲ. ಬ್ರೂನೋ ಕೊರ್ತೋನಾ ಎಂಬ ನಲವತ್ತರ ಆಸುಪಾಸಿನ ಆಸಾಮಿ ತೆರೆದ ಕಾರಿನಲ್ಲಿ ಸುತ್ತುತ್ತ ಒಂದು ಫೋನು, ಒಂದು ಸಿಗರೇಟು ಪೊಟ್ಟಣ ಹುಡುಕುತ್ತಿದ್ದಾನೆ. ಎಲ್ಲ ಅಂಗಡಿಗಳ ಬಾಗಿಲು ಎಳೆದಿದೆ. ತಲೆ ಎತ್ತಿ ನೋಡಿದರೆ ಕಿಟಕಿಯಲ್ಲಿ ಒಬ್ಬ ಹುಡುಗ: ರೊಬೆರ್ತೊ ಮರಿಯಾನಿ, ಕಾನೂನು ವಿದ್ಯಾರ್ಥಿ, ಊರಿಗೆ ಊರೇ ಸಮುದ್ರ ತೀರಕ್ಕೆ ಹೋಗಿರುವಾಗ ಪರೀಕ್ಷೆಗೆ ಓದುತ್ತ ಕುಳಿತವನು. ನನ್ನ ಪರವಾಗಿ ಒಂದು ಫೋನ್ ಮಾಡುತ್ತೀಯಾ ಎಂದು ಬ್ರೂನೋ ಕೆಳಗಿನಿಂದ ಕೇಳುತ್ತಾನೆ. ನೀವೇ ಮೇಲೆ ಬನ್ನಿ ಎಂದು ಹುಡುಗ ಕರೆಯುತ್ತಾನೆ. ಬಂದವನು ಫೋನ್ ಮಾಡುತ್ತಾನೆ, ಬಚ್ಚಲಲ್ಲಿ ಮುಖ ತೊಳೆಯುತ್ತಾನೆ, ಉಪಕಾರಕ್ಕೆ ಪ್ರತಿಯಾಗಿ ಏನಾದರೂ ಕುಡಿಸುತ್ತೇನೆ ಎಂದು ಹುಡುಗನನ್ನು ಹೊರಡಿಸಿಕೊಂಡೇ ಹೋಗುತ್ತಾನೆ. ರೋಮ್‌ನಲ್ಲಿ ಒಂದೂ ಹೋಟೆಲ್ ತೆರೆದಿಲ್ಲವಾದ್ದರಿಂದ ಕಾರು ಊರು ದಾಟುತ್ತದೆ. ಆಮೇಲೆ ನಿಲ್ಲುವುದೇ ಇಲ್ಲ.

ಒಬ್ಬ ಕಾಲಿಗೆ ಚಕ್ರ ಕಟ್ಟಿಕೊಂಡವನು, ಇನ್ನೊಬ್ಬ ಹೆಜ್ಜೆ ಇಡುವ ಮುನ್ನ ಹತ್ತು ಸಲ ಯೋಚಿಸುವವನು. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಜೋಡಿ. ಕಥೆಯ ಬಂಡವಾಳ ಇಷ್ಟೇ.

ಕಪ್ಪು-ಬಿಳುಪು, ಅರವತ್ತು ವರ್ಷ ಹಳೆಯದು. ಬೇಸರ ಹಿಡಿಸುವುದಿಲ್ಲವೇ?

ಹಳೆಯ ಐರೋಪ್ಯ ಸಿನಿಮಾ ಎಂದರೆ ಮೌನವಾಗಿ ಗೋಡೆ ನೋಡುವ ಪಾತ್ರಗಳು ಎಂದುಕೊಂಡವರಿಗೆ ಇದು ಒಳ್ಳೆಯ ಮದ್ದು. ಮೊದಲ ದೃಶ್ಯದಿಂದಲೇ ಕಾರು ಓಡುತ್ತಿದೆ, ಹಾರ್ನ್ ಬಡಿಯುತ್ತಿದೆ, ಬ್ರೂನೋನ ಬಾಯಿಗೆ ಬಿಡುವಿಲ್ಲ. ಒಂದೂ ಮುಕ್ಕಾಲು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಕಪ್ಪು-ಬಿಳುಪಿನ ಬಗ್ಗೆ ಹೇಳುವುದಾದರೆ, ಛಾಯಾಗ್ರಾಹಕ ಆಲ್ಫಿಯೋ ಕೊಂತೀನಿ ಹಿಡಿದ ಆಗಸ್ಟ್ ಬಿಸಿಲಿಗೆ ಬಣ್ಣದ ಹಂಗಿಲ್ಲ. ಖಾಲಿ ಬೀದಿಗಳ ಬಿಳಿ ಗೋಡೆ ನೋಡುವಾಗಲೇ ಕಣ್ಣು ಕಿರಿದಾಗುತ್ತದೆ.

ನಗಿಸುವ ಸಿನಿಮಾವೋ, ಅಳಿಸುವ ಸಿನಿಮಾವೋ?

ಇಟಲಿಯವರು 'ಕೊಮ್ಮೇದಿಯಾ ಆಲ್ ಇತಾಲಿಯಾನಾ' ಎಂದು ಕರೆಯುವ ಒಂದು ಬಗೆಯಿದೆ. 1950ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ ನಡೆದ ಈ ಬಗೆಯ ಚಿತ್ರಗಳು ನಗಿಸುತ್ತಲೇ ಚುಚ್ಚುತ್ತವೆ. ವಂಚಕ, ಬಡಾಯಿಗಾರ, ಹೆಣ್ಣುಬಾಕ, ಸೋಂಬೇರಿ ಇಲ್ಲಿಯ ನಾಯಕರು. ಅವರನ್ನು ಚಿತ್ರ ಕ್ಷಮಿಸುವುದೂ ಇಲ್ಲ, ಅವರಿಗೆ ಉಪದೇಶ ಮಾಡುವುದೂ ಇಲ್ಲ. ಈ ಬಗೆಯ ಅತಿ ಒಳ್ಳೆಯ ಉದಾಹರಣೆ ಇದೇ ಎಂಬುದು ನನ್ನ ಅಭಿಪ್ರಾಯ. ನಗು ಬೇಕಾದಷ್ಟಿದೆ. ಉಳಿದದ್ದನ್ನು ಈ ಭಾಗದಲ್ಲಿ ಹೇಳುವುದಿಲ್ಲ.

ಆ ದಿನ ರೋಮ್ ಅಷ್ಟೊಂದು ಖಾಲಿ ಏಕೆ? ಕರ್ಫ್ಯೂ ಏನಾದರೂ ಇತ್ತೇ?

ಅದು ಫೆರ್ರಾಗೊಸ್ತೊ ಹಬ್ಬ. ಚಕ್ರವರ್ತಿ ಆಗಸ್ಟಸ್ ಕಾಲದ ರಜೆಯ ಪದ್ಧತಿ, ಮುಂದೆ ಮೇರಿ ಮಾತೆಯ ಸ್ವರ್ಗಾರೋಹಣದ ಹಬ್ಬದ ಜೊತೆ ಸೇರಿಕೊಂಡಿತು. ಆಗಸ್ಟ್ 15ರಂದು ಇಟಲಿಯ ನಗರಗಳು ಬರಿದಾಗಿ ಕಡಲತೀರಗಳು ತುಂಬಿಕೊಳ್ಳುತ್ತವೆ. ಅಂದು ನಗರದಲ್ಲಿ ಉಳಿದವನು ಒಂದೋ ಕೈಲಾಗದವನು, ಇಲ್ಲವೇ ಯಾರೂ ಕರೆಯದವನು. ರೊಬೆರ್ತೊನ ಪರಿಸ್ಥಿತಿಯನ್ನು ಮಾತಿಲ್ಲದೆ ಹೇಳಲು ಇದಕ್ಕಿಂತ ಒಳ್ಳೆಯ ತಾರೀಖು ಇಲ್ಲ. ಬ್ರೂನೋನದೂ ಅದೇ ಕಥೆ ಎಂಬುದನ್ನು ಗಮನಿಸಿ. ಅವನು ಫೋನ್ ಮಾಡಿದ ಗೆಳೆಯರು ಅವನಿಗಾಗಿ ಕಾದಿಲ್ಲ, ಹೊರಟು ಹೋಗಿದ್ದಾರೆ. ಇದು ಹೊಳೆದರೆ ಇಡೀ ಸಿನಿಮಾದ ಬೀಗದ ಕೈ ಸಿಕ್ಕಂತೆ.

ಇಟಲಿಯ ಚರಿತ್ರೆ ಗೊತ್ತಿರಬೇಕೇ?

ಹೆಚ್ಚೇನೂ ಬೇಡ. 1958ರಿಂದ 1963ರವರೆಗಿನ ವರ್ಷಗಳನ್ನು ಅಲ್ಲಿ ಆರ್ಥಿಕ ಪವಾಡದ ಕಾಲ ಎನ್ನುತ್ತಾರೆ. ಯುದ್ಧದಲ್ಲಿ ನೆಲಕಚ್ಚಿದ್ದ ದೇಶದ ಮನೆಮನೆಗೆ ಫ್ರಿಜ್ಜು, ಟಿವಿ ಬಂದವು. 1955ರಲ್ಲಿ ಫಿಯೆಟ್ 600, 1957ರಲ್ಲಿ ಪುಟಾಣಿ ಫಿಯೆಟ್ 500 ಬಂದು, ಗುಮಾಸ್ತನೂ ಕಾರು ಕೊಳ್ಳುವಂತಾಯಿತು. ಮಿಲಾನ್‌ನಿಂದ ನೇಪಲ್ಸ್‌ವರೆಗಿನ 'ಸೂರ್ಯನ ಹೆದ್ದಾರಿ'ಯ ಕೆಲಸ 1956ರಲ್ಲಿ ಶುರುವಾಗಿ 1964ರಲ್ಲಿ ಮುಗಿಯಿತು. ಅಂದರೆ ಈ ಚಿತ್ರ ತೆಗೆಯುವಾಗ ದೇಶವೆಲ್ಲ ರಸ್ತೆಯ ಮೇಲಿತ್ತು.

ಹಳ್ಳಿಗರು ಸೇರಿ ಟ್ವಿಸ್ಟ್ ಕುಣಿಯುವ ಒಂದು ದೃಶ್ಯವಿದೆ. ಹೊಲದ ಕೆಲಸದ ಮೈಗಳು, ಪಟ್ಟಣದ ಹೊಸ ಕುಣಿತ. ಬ್ರೂನೋ ಅದನ್ನು ಗೇಲಿ ಮಾಡುತ್ತಾನೆ. ಆ ಗೇಲಿ ಅವನ ಮೇಲೇ ತಿರುಗುವುದು ಅವನಿಗೆ ಕಾಣುವುದಿಲ್ಲ, ಏಕೆಂದರೆ ಅವನೂ ಹೊಸ ಕಾಲದ ವೇಷ ಹಾಕಿಕೊಂಡವನೇ. ಜೇಬಿನಲ್ಲಿ ಕಾಸಿಲ್ಲದೆ ಶ್ರೀಮಂತನ ಠೀವಿ.

ಕಾರಿನ ಬಗ್ಗೆ ಎಲ್ಲರೂ ಅಷ್ಟೊಂದು ಮಾತಾಡುವುದೇಕೆ?

ಅದು ಮೂರನೆಯ ಪಾತ್ರ ಎನ್ನುವ ಹಳಸಲು ಮಾತನ್ನು ಬದಿಗಿಡೋಣ. ಕಾರಿನ ವಿವರಗಳೇ ಸಾಕಷ್ಟು ಸ್ವಾರಸ್ಯಕರ. ಅದು ಲಾನ್ಚಿಯಾ ಅವ್ರೇಲಿಯಾ ಬಿ24, ಪಿನಿನ್ ಫರೀನಾ ವಿನ್ಯಾಸದ ತೆರೆದ ಕಾರು. 1950ರಲ್ಲಿ ಬಂದ ಅವ್ರೇಲಿಯಾ ಮಾಲಿಕೆಯ ಕಾರುಗಳು ವಿ6 ಎಂಜಿನ್ನನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದ ತಯಾರಿಕೆಗೆ ತಂದವು. ಲಾನ್ಚಿಯಾದವರು ತಮ್ಮ ಕಾರುಗಳಿಗೆ ಪ್ರಾಚೀನ ರೋಮನ್ ರಸ್ತೆಗಳ ಹೆಸರು ಇಡುತ್ತಿದ್ದರು: ಆಪ್ಪಿಯಾ, ಫ್ಲಮೀನಿಯಾ, ಅವ್ರೇಲಿಯಾ. ಬ್ರೂನೋ ಓಡಿಸುವ ಅವ್ರೇಲಿಯಾ ಕಾರು ಓಡುವುದು ಅವ್ರೇಲಿಯಾ ರಸ್ತೆಯಲ್ಲೇ.

ಇನ್ನೊಂದು ಮಾತು. ಅದು ಹೊಸ ಕಾರಲ್ಲ. 1962ರ ಹೊತ್ತಿಗೆ ಆ ಮಾದರಿಯ ತಯಾರಿಕೆ ನಿಂತು ಕೆಲವು ವರ್ಷಗಳಾಗಿದ್ದವು. ಒಂದು ಕಾಲದ ಭಾರಿ ಗಾಡಿ, ಈಗ ಏಟು ತಿಂದು ತೇಪೆ ಹಾಕಿಸಿಕೊಂಡದ್ದು. ಯಜಮಾನನಿಗೆ ಹೇಳಿ ಮಾಡಿಸಿದಂತಿದೆ. ಕಾರಿನೊಳಗೆ ಗ್ರಾಮಫೋನ್ ರೆಕಾರ್ಡ್ ಹಾಕುವ ಯಂತ್ರವೂ ಇದೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ಫಲಕ: ಬ್ರಿಜಿತ್ ಬಾರ್ದೋಳ ಫೋಟೋ, ಪಕ್ಕದಲ್ಲಿ 'ಹುಷಾರಾಗಿರು, ಮನೆಯಲ್ಲಿ ನಾನು ಕಾಯುತ್ತಿರುತ್ತೇನೆ' ಎಂಬರ್ಥದ ಬರಹ. ಹೆಂಡತಿ ಮಕ್ಕಳ ಫೋಟೋ ಇರಬೇಕಾದ ಜಾಗದಲ್ಲಿ ಸಿನಿಮಾ ತಾರೆ. ಕ್ಯಾಮೆರಾ ಅದನ್ನು ತೋರಿಸಿ ಸುಮ್ಮನೆ ಮುಂದೆ ಹೋಗುತ್ತದೆ. ನೀವು ಮಾತ್ರ ಮರೆಯಬೇಡಿ.

ಅವರು ಹೋಗುವ ದಾರಿ ಯಾವುದು? ಈಗಲೂ ಹೋಗಬಹುದೇ?

ಧಾರಾಳವಾಗಿ. ರೋಮ್‌ನಿಂದ ಹೊರಟು ಚಿವಿತಾವೆಕ್ಕಿಯಾ, ಗ್ರೊಸ್ಸೆತೊ ಸುತ್ತಲಿನ ಮರೆಮ್ಮಾ ಬಯಲು, ಅಲ್ಲಿಂದ ಕಸ್ತಿಲ್ಯೊನ್ಚೆಲ್ಲೊ ಕಡಲತೀರ, ಮುಂದೆ ಲಿವೋರ್ನೊ ಕಡೆಗೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ರೋಮನ್ ರಸ್ತೆಯ ಜಾಡು ಇದು. ಈಗಿನ ರಾಷ್ಟ್ರೀಯ ಹೆದ್ದಾರಿ 1 ಸಮುದ್ರದ ಪಕ್ಕದಲ್ಲೇ ಫ್ರಾನ್ಸ್ ಗಡಿಯವರೆಗೆ ಹೋಗುತ್ತದೆ. ಚಿತ್ರದ ಪ್ರಯಾಣ ಒಟ್ಟು ಮುನ್ನೂರು ಕಿಲೋಮೀಟರಿನ ಆಸುಪಾಸು.

ಅಮೆರಿಕದ ರಸ್ತೆ ಚಿತ್ರಗಳಲ್ಲಿ ಮರುಭೂಮಿ, ದಿನಗಟ್ಟಲೆ ಪ್ರಯಾಣ, ದಿಗಂತದವರೆಗೆ ನೇರ ರಸ್ತೆ. ಇಲ್ಲಿ ಹಾಗಿಲ್ಲ. ಗಂಟೆಗೊಂದು ಊರು, ಊರಿಗೊಂದು ಹೋಟೆಲು, ಹೋಟೆಲಿಗೊಬ್ಬ ಪರಿಚಯದವನು. ತಪ್ಪಿಸಿಕೊಂಡು ಹೋಗುವಷ್ಟು ಜಾಗವೇ ಯುರೋಪಿನಲ್ಲಿಲ್ಲ. ಎಷ್ಟು ವೇಗವಾಗಿ ಓಡಿದರೂ ಸಂಜೆಯ ಹೊತ್ತಿಗೆ ನೆಂಟರ ಮನೆಯೋ ಬಿಟ್ಟುಬಂದ ಹೆಂಡತಿಯ ಮನೆಯೋ ಎದುರಾಗಿಬಿಡುತ್ತದೆ.

ನಟರು ಯಾರು?

ಬ್ರೂನೋ ಆಗಿ ವಿತ್ತೋರಿಯೋ ಗಸ್ಮನ್. ಷೇಕ್ಸ್‌ಪಿಯರ್ ನಾಟಕಗಳಿಂದ ಹೆಸರು ಮಾಡಿದ ರಂಗನಟ. 1958ರವರೆಗೆ ಅವರನ್ನು ಹಾಸ್ಯ ಚಿತ್ರಗಳಿಗೆ ಹೆಚ್ಚಾಗಿ ಯಾರೂ ಕರೆದಿರಲಿಲ್ಲ. ಈ ಪಾತ್ರಕ್ಕೆ ಅವರಿಗೆ ಇಟಲಿಯ ಎರಡು ದೊಡ್ಡ ಪ್ರಶಸ್ತಿಗಳೂ ಬಂದವು. ಎತ್ತರದ ಆಳು, ಗಟ್ಟಿ ಗಂಟಲು, ಯಾವ ಕೋಣೆಗೆ ಬಂದರೂ ಕೋಣೆಯೇ ಸಣ್ಣದಾದಂತೆ ಕಾಣುತ್ತದೆ.

ರೊಬೆರ್ತೊ ಪಾತ್ರದಲ್ಲಿ ಫ್ರಾನ್ಸಿನ ಝಾಂ-ಲೂಯಿ ತ್ರೆಂತಿನ್ಯಾ. ಈ ಪಾತ್ರಕ್ಕೆ ನಟ ಗೊತ್ತಾಗುವ ಮೊದಲೇ ಚಿತ್ರೀಕರಣ ಶುರುವಾಗಿತ್ತು, ಬದಲಿ ಹುಡುಗನೊಬ್ಬನನ್ನು ಕೂರಿಸಿ ರೋಮ್‌ನ ಖಾಲಿ ಬೀದಿಗಳ ಕೆಲವು ಭಾಗಗಳನ್ನು ತೆಗೆದಿದ್ದರು. ಇಟಲಿಯಲ್ಲಿ ಆಗ ಧ್ವನಿಯನ್ನು ಆಮೇಲೆ ಜೋಡಿಸುವುದು ವಾಡಿಕೆ. ತ್ರೆಂತಿನ್ಯಾಗೆ ಧ್ವನಿ ಕೊಟ್ಟವರು ಪಾವ್ಲೊ ಫೆರ್ರಾರಿ. ಇಲ್ಲೊಂದು ತಮಾಷೆ ಇದೆ. ಕಾರಿನ ವೇಗಕ್ಕೆ ಬೆಚ್ಚಿ ಸೀಟು ಹಿಡಿದುಕೊಂಡು ಕೂರುವ ಈ ನಟನ ಚಿಕ್ಕಪ್ಪ ಮೊರೀಸ್ ತ್ರೆಂತಿನ್ಯಾ, ಮೊನಾಕೊ ಗ್ರಾಂ ಪ್ರೀಯನ್ನು 1955 ಮತ್ತು 1958ರಲ್ಲಿ ಗೆದ್ದ ರೇಸ್ ಚಾಲಕ!

ಬ್ರೂನೋನ ಮಗಳು ಲಿಲ್ಲಿಯಾಗಿ ಬೆಲ್ಜಿಯಂ ಮೂಲದ ಕತ್ರೀನ್ ಸ್ಪಾಕ್. ಆಗ ಆಕೆಗೆ ಹದಿನೇಳು ವರ್ಷ.

ಮನೆಮಂದಿಯ ಜೊತೆ ಕೂತು ನೋಡಬಹುದೇ?

ನೋಡಬಹುದು. ಬ್ರೂನೋ ಕಂಡ ಹೆಣ್ಣುಗಳ ಬೆನ್ನುಹತ್ತುತ್ತಾನೆ, ಕೆಲವು ಮಾತುಗಳು ಇಂದಿನ ಕಿವಿಗೆ ಕಟುವಾಗಿ ಕೇಳಿಸುತ್ತವೆ, ಸಲಿಂಗಿಗಳ ಬಗ್ಗೆ ಒಂದು ಒರಟು ಹಾಸ್ಯವೂ ಇದೆ. ಮುಜುಗರದ ದೃಶ್ಯಗಳಿಲ್ಲ. ತೀರಾ ಚಿಕ್ಕ ಮಕ್ಕಳಿಗೆ ಬೇಡ.

ನೋಡಿದ ಮೇಲೆ

ಇದನ್ನು ಸ್ನೇಹ ಎನ್ನಬಹುದೇ? ಆ ಹುಡುಗನನ್ನು ಅವನು ಎಳೆದುಕೊಂಡು ಹೋದದ್ದಲ್ಲವೇ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಉತ್ತರ ಚಿತ್ರದೊಳಗೇ ಇದೆ, ಆದರೆ ಮಾತಿನಲ್ಲಿಲ್ಲ.

ರೊಬೆರ್ತೊನ ಮನಸ್ಸಿನ ಮಾತು ನಮಗೆ ಕೇಳಿಸುತ್ತದೆ, ಬ್ರೂನೋನದು ಕೇಳಿಸುವುದಿಲ್ಲ. ಮೊದಮೊದಲು ಆ ಒಳದನಿ ಒಂದೇ ರಾಗ ಎಳೆಯುತ್ತದೆ: ಏಕೆ ಬಂದೆ, ಹೇಗೆ ತಪ್ಪಿಸಿಕೊಳ್ಳಲಿ, ಪರೀಕ್ಷೆಗೆ ಓದುವುದಿದೆ. ತಪ್ಪಿಸಿಕೊಳ್ಳುವ ಅವಕಾಶಗಳು ಒಂದಲ್ಲ, ಹಲವು ಸಲ ಬರುತ್ತವೆ. ರೈಲಿದೆ, ಬಸ್ಸಿದೆ. ಅವನು ಹೋಗುವುದಿಲ್ಲ. ಬ್ರೂನೋನ ಬಲವಂತ ಎಷ್ಟಿದೆಯೋ ಅವನ ಆಸೆಯೂ ಅಷ್ಟೇ ಇದೆ. ತನ್ನ ಕಿಟಕಿಯ ಎದುರು ಮನೆಯ ವಲೇರಿಯಾ ಎಂಬ ಹುಡುಗಿಯನ್ನು ನೋಡುತ್ತಲೇ ಕಾಲ ಕಳೆದು, ಅವಳ ಜೊತೆ ಮಾತಾಡುವ ಧೈರ್ಯ ಇಲ್ಲದೆ ಕೂತಿದ್ದವನು ಅವನು. ಎದುರಿಗೆ ಸಿಕ್ಕವರನ್ನೆಲ್ಲ ಎರಡೇ ನಿಮಿಷದಲ್ಲಿ ಹಳೆಯ ಪರಿಚಯದವರಂತೆ ಮಾತಾಡಿಸುವ ಬ್ರೂನೋ ಅವನ ಕಣ್ಣಿಗೆ ಗಾರುಡಿಗನಂತೆ ಕಂಡರೆ ಆಶ್ಚರ್ಯವೇನು?

ಬ್ರೂನೋಗೆ ಇದರಿಂದ ಏನು ಸಿಕ್ಕಿತು ಎಂದು ಕೇಳುವವರು ಕಡಿಮೆ. ಅವನಿಗೆ ಸಿಕ್ಕಿದ್ದು ಒಬ್ಬ ಕೇಳುಗ. ಅವನ ಬಡಾಯಿಯನ್ನು ಊರೆಲ್ಲ ಬಲ್ಲದು, ಹೆಂಡತಿ ಬಲ್ಲಳು, ಸಾಲ ಕೊಟ್ಟವರು ಬಲ್ಲರು. ಅವನ ಕಥೆಗಳನ್ನು ಮೊದಲ ಸಲ ಕೇಳುವ, ಅವನ ಹಾಸ್ಯಕ್ಕೆ ಹೊಸದಾಗಿ ನಗುವ ಒಂದೇ ಒಂದು ಜೀವ ಈ ಹುಡುಗ. ಇಬ್ಬರಿಗೂ ಇದರಿಂದ ಒಳ್ಳೆಯದಾಯಿತೇ ಎಂದರೆ ಇಲ್ಲ. ಒಳ್ಳೆಯದಾಗದಿದ್ದರೂ ಸ್ನೇಹ ನಿಜವಿರಬಹುದು ಎನ್ನುವುದಕ್ಕೆ ಈ ಚಿತ್ರ ಹೆದರುವುದಿಲ್ಲ. ಈ ಎರಡು ದಿನ ನನ್ನ ಬದುಕಿನಲ್ಲೇ ಅತ್ಯಂತ ಚೆನ್ನಾಗಿದ್ದ ದಿನಗಳು ಎಂದು ಕೊನೆಯಲ್ಲಿ ರೊಬೆರ್ತೊ ಹೇಳುತ್ತಾನೆ. ಅವನನ್ನು ನಂಬದಿರಲು ನನಗೆ ಕಾರಣ ಸಿಕ್ಕಿಲ್ಲ.

ಹಳ್ಳಿಯ ನೆಂಟರ ಮನೆಯ ದೃಶ್ಯ ಅಷ್ಟು ಮುಖ್ಯ ಏಕೆ?

ಚಿತ್ರದ ಅತಿ ಕ್ರೂರ ಭಾಗ ಅದು. ಅಪಘಾತಕ್ಕಿಂತಲೂ ಎನ್ನುತ್ತೇನೆ.

ರೊಬೆರ್ತೊ ಬಾಲ್ಯದ ಬೇಸಿಗೆಗಳನ್ನು ಕಳೆದ ಮನೆ. ಅಲ್ಲಿಯ ಪ್ರತಿ ಮೂಲೆಯೂ ಅವನಿಗೆ ಪವಿತ್ರ. ಚಿಕ್ಕವನಿದ್ದಾಗ ಲಿದಿಯಾ ಎಂಬ ಬಂಧುವಿಗೆ ಮನಸೋತಿದ್ದ ನೆನಪೂ ಅಲ್ಲೇ ಇದೆ. ಬ್ರೂನೋ ಆ ಮನೆಗೆ ಕಾಲಿಟ್ಟು ಕೆಲವೇ ನಿಮಿಷಗಳಲ್ಲಿ ಎಲ್ಲರನ್ನೂ ಗೆದ್ದುಬಿಡುತ್ತಾನೆ. ರೊಬೆರ್ತೊ ವರ್ಷಗಟ್ಟಲೆ ಬಂದುಹೋದರೂ ಸಿಗದ ಸಲಿಗೆ ಇವನಿಗೆ ಸಿಗುತ್ತದೆ. ಅದಕ್ಕಿಂತ ಕೆಟ್ಟದ್ದು, ಹುಡುಗ ಇಷ್ಟು ವರ್ಷ ಕಾಣದೇ ಹೋದದ್ದನ್ನು ಇವನು ಒಂದೇ ನೋಟದಲ್ಲಿ ಕಾಣುತ್ತಾನೆ. ವಕೀಲನಾಗಿರುವ ಸೋದರ ಸಂಬಂಧಿ ಆಲ್ಫ್ರೇದೊಗೂ ಜಮೀನು ನೋಡಿಕೊಳ್ಳುವ ಮೇಸ್ತ್ರಿಗೂ ಮುಖ, ಹಾವಭಾವ ಎಲ್ಲ ಒಂದೇ ಅಚ್ಚು. ಯಾರು ಯಾರ ಮಗ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬ್ರೂನೋ ಇದನ್ನು ದ್ವೇಷದಿಂದ ಹೇಳುವುದಿಲ್ಲ, ಹವಾಮಾನದ ಸುದ್ದಿಯಂತೆ ಹೇಳುತ್ತಾನೆ. ಹುಡುಗನ ಮುಖ ನೋಡಿ. ಬಾಲ್ಯ ಎಂದು ಕಾಪಾಡಿಕೊಂಡು ಬಂದದ್ದು ಒಂದು ಮಧ್ಯಾಹ್ನಕ್ಕೆ ಕರಗಿಹೋಯಿತು. ಆಮೇಲೆ ಕಾರಿನಲ್ಲಿ ಬ್ರೂನೋ ತನ್ನ ತತ್ವವನ್ನೂ ಹೇಳಿ ಮುಗಿಸುತ್ತಾನೆ: ಒಳ್ಳೆಯ ವಯಸ್ಸು ಎಂದರೆ ಆಯಾ ದಿನ ನಮಗಿರುವ ವಯಸ್ಸೇ, ಸಾಯುವವರೆಗೂ. ಕೇಳಲು ಸೊಗಸಾಗಿದೆ. ಹಿಂತಿರುಗಿ ನೋಡಲು ಏನೂ ಉಳಿಸಿಕೊಳ್ಳದವನ ಮಾತು ಅದು ಎಂದು ತಿಳಿಯುವುದು ಆ ರಾತ್ರಿ, ಅವನ ಹೆಂಡತಿಯ ಮನೆಯಲ್ಲಿ.

ಹೆಂಡತಿಯಿಂದ ದೂರವಿದ್ದವನು ವಿಚ್ಛೇದನ ಏಕೆ ಪಡೆದಿಲ್ಲ?

ಇಟಲಿಯಲ್ಲಿ ವಿಚ್ಛೇದನ ಕಾನೂನುಬದ್ಧವಾದದ್ದು 1970ರ ಡಿಸೆಂಬರ್‌ನಲ್ಲಿ. ಅದನ್ನು ರದ್ದು ಮಾಡಲು ನಡೆದ ಜನಮತಗಣನೆ 1974ರಲ್ಲಿ ಸೋತಿತು. 1962ರಲ್ಲಿ ಗಂಡ ಹೆಂಡಿರು ಬೇರೆಯಾಗಿ ಬದುಕಬಹುದಿತ್ತು, ಬಿಡುಗಡೆ ಇರಲಿಲ್ಲ. ಆದ್ದರಿಂದ ಬ್ರೂನೋನ ಹೆಂಡತಿ ಜ್ಯಾನ್ನಾ ತನ್ನ ಕಾಲ ಮೇಲೆ ತಾನು ನಿಂತು ಮಗಳನ್ನು ಬೆಳೆಸಿದ್ದಾಳೆ. ಬ್ರೂನೋ ವರ್ಷಗಳ ನಂತರ ನಡುರಾತ್ರಿ ಬಂದು ಬಾಗಿಲು ತಟ್ಟುತ್ತಾನೆ.

ಕಸ್ತಿಲ್ಯೊನ್ಚೆಲ್ಲೊದ ಈ ಭಾಗದಲ್ಲಿ ಅವನು ಮೊದಲ ಬಾರಿಗೆ ಮುದುಕನಂತೆ ಕಾಣುತ್ತಾನೆ. ಮಗಳು ಲಿಲ್ಲಿ ತನಗಿಂತ ಬಹಳ ಹಿರಿಯನಾದ ಶ್ರೀಮಂತನೊಬ್ಬನ ಜೊತೆ ಬರುತ್ತಾಳೆ. ಕಂಡ ಹುಡುಗಿಯರ ಹಿಂದೆಲ್ಲ ಹೋಗುವವನಿಗೆ ಈಗ ತಂದೆಯ ಸಿಟ್ಟು ಬರುತ್ತದೆ, ಅದನ್ನು ತೋರಿಸುವ ಹಕ್ಕು ಮಾತ್ರ ಉಳಿದಿಲ್ಲ. ಆ ಹಿರಿಯನನ್ನು ಬೈಯಲಾರದೆ, ಮರುದಿನ ಅವನ ಜೊತೆ ಪಣ ಕಟ್ಟಿ ಪಿಂಗ್‌ಪಾಂಗ್ ಆಡಿ ಗೆಲ್ಲುತ್ತಾನೆ. ಗೆದ್ದ ಹಣವನ್ನು ಎಣಿಸಿಕೊಳ್ಳುವ ತಂದೆ! ನಗಬೇಕೋ ಬೇಡವೋ ತಿಳಿಯುವುದಿಲ್ಲ. ಜ್ಯಾನ್ನಾ ರೊಬೆರ್ತೊ ಜೊತೆ ಗಂಡನ ಬಗ್ಗೆ ಮಾತಾಡುವಾಗ ಅವಳಲ್ಲಿ ಕಹಿಗಿಂತ ದಣಿವು ಹೆಚ್ಚು. ಅವಳ ಮಾತಿನ ನಂತರವೂ ಹುಡುಗ ಬ್ರೂನೋನ ಕಾರು ಹತ್ತುತ್ತಾನೆ ಎಂಬುದು ನೆನಪಿರಲಿ. ಈ ಸಲ ಅವನಿಗೆ ಎಲ್ಲ ಗೊತ್ತಿದೆ.

ಬ್ರೂನೋ ಕಾರಿನಲ್ಲಿ ಯಾವುದೋ ನಿರ್ದೇಶಕನ ಬಗ್ಗೆ ತಮಾಷೆ ಮಾಡುತ್ತಾನಲ್ಲ, ಏನದು?

ಮಿಕೆಲಾಂಜೆಲೊ ಅಂತೋನಿಯೋನಿ. ಅವರ 'ಲೆಕ್ಲಿಸ್ಸೆ' ತೆರೆಕಂಡದ್ದೂ 1962ರಲ್ಲೇ. ಒಂಟಿತನ, ಪರಕೀಯತೆ ಆಗ ವಿದ್ಯಾವಂತರ ನಾಲಿಗೆಯ ಮೇಲಿದ್ದ ವಿಷಯಗಳು. ಕಾರಿನಲ್ಲಿ ದೊಮೆನಿಕೊ ಮೊದುನ್ಯೊನ ವಿಷಾದದ ಹಾಡೊಂದು ಬರುವಾಗ ಬ್ರೂನೋ ಅದನ್ನು ಅಂತೋನಿಯೋನಿಗೆ ಹೋಲಿಸಿ, ಆ ಸಿನಿಮಾದಲ್ಲಿ ಸೊಗಸಾಗಿ ನಿದ್ದೆ ಮಾಡಿದೆ, ಒಳ್ಳೆಯ ನಿರ್ದೇಶಕ ಎನ್ನುತ್ತಾನೆ. ಚಿತ್ರಮಂದಿರ ನಕ್ಕಿತು. ಆದರೆ ರೀಸಿ ತನ್ನ ಚಿತ್ರದಲ್ಲಿ ಹೇಳುತ್ತಿರುವುದೂ ಒಂಟಿತನದ ಕಥೆಯನ್ನೇ, ಟ್ವಿಸ್ಟ್ ಸಂಗೀತದ ಜೊತೆ. ರೀಸಿ ಓದಿದ್ದು ವೈದ್ಯಕೀಯ, ಆಗಲು ಹೊರಟದ್ದು ಮನೋವೈದ್ಯ. ಆ ಕಸುಬು ಬಿಟ್ಟು ಸಿನಿಮಾಕ್ಕೆ ಬಂದರು. ರೋಗಿಯನ್ನು ನಗಿಸಿ ಮಾತಾಡಿಸುವ ಕಲೆ ಅಲ್ಲಿಂದಲೇ ಬಂತೇನೋ.

ಅಂತ್ಯ ಏಕೆ ಹಾಗಿದೆ? ಸುಮ್ಮನೆ ಬೆಚ್ಚಿಬೀಳಿಸಲು ಮಾಡಿದ್ದಲ್ಲವೇ?

ನಿರ್ಮಾಪಕ ಮಾರಿಯೋ ಚೆಕ್ಕಿ ಗೋರಿಗೂ ಇದೇ ಅನುಮಾನವಿತ್ತು. ನಗಲು ಬಂದ ಜನರನ್ನು ಅಳಿಸಿ ಕಳಿಸಿದರೆ ಹಣ ಬರುತ್ತದೆಯೇ? ಇಬ್ಬರೂ ನಗುನಗುತ್ತ ಹೋಗಿಬಿಡಲಿ ಎಂಬುದು ಅವರ ಹಟ. ರೀಸಿ ಮುಂದೆ ಹೇಳುತ್ತಿದ್ದ ಕಥೆ ಹೀಗಿದೆ: ಉಳಿದಿದ್ದು ಅಪಘಾತದ ದೃಶ್ಯ ಒಂದೇ. ಮರುದಿನ ಮಳೆ ಬಂದರೆ ಆ ದೃಶ್ಯ ಬೇಡ, ಗಂಟುಮೂಟೆ ಕಟ್ಟುವುದು. ಬಿಸಿಲಿದ್ದರೆ ತೆಗೆಯುವುದು ಎಂದು ಒಪ್ಪಂದವಾಯಿತು. ಮರುದಿನ ಬಿಸಿಲು ಕಾಯಿತು. ಚಿತ್ರ ಭರ್ಜರಿಯಾಗಿ ಓಡಿತು.

ಹಠಾತ್ತನೆ ಬಂದ ಅಂತ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೆಯ ಸಲ ನೋಡಿ. ದಾರಿಯಲ್ಲಿ ಜರ್ಮನ್ ಹುಡುಗಿಯರ ಕಾರಿನ ಬೆನ್ನುಹತ್ತಿ ಹೋದರೆ ಅದು ತಲುಪುವುದು ಸ್ಮಶಾನಕ್ಕೆ. ಆಗ ನಾವು ನಕ್ಕಿರುತ್ತೇವೆ. ಲಾರಿಯೊಂದರ ಅಪಘಾತವನ್ನು ದಾಟಿಕೊಂಡು ಹೋಗುತ್ತಾರೆ. ಬಾರ್ದೋಳ ಫಲಕ ಹುಷಾರು ಎನ್ನುತ್ತಲೇ ಇರುತ್ತದೆ. ಪ್ರತಿ ತಿರುವಿನಲ್ಲೂ ಬ್ರೂನೋ ಅದೇ ಹುಚ್ಚಾಟ ಆಡುತ್ತಾನೆ, ಪ್ರತಿ ಸಲವೂ ಬಚಾವಾಗುತ್ತಾನೆ, ಪ್ರತಿ ಸಲವೂ ನಾವು ಇನ್ನಷ್ಟು ನಿರಾಳರಾಗುತ್ತೇವೆ. ನಮ್ಮನ್ನೂ ಆ ಸೀಟಿನಲ್ಲೇ ಕೂರಿಸಿದ್ದಾರೆ ರೀಸಿ. ಬೆಚ್ಚಿಬಿದ್ದರೆ ಅದು ನಮ್ಮ ಮೈಮರೆವಿಗೆ.

ಹಾಗಾದರೆ ತಪ್ಪು ಯಾರದು?

ಬ್ರೂನೋನದೇ ಎಂದು ಬಿಡುವುದು ಸುಲಭ. ಸ್ಟಿಯರಿಂಗ್ ಹಿಡಿದವನು ಅವನು. ಲಿವೋರ್ನೊ ಹತ್ತಿರದ ಕಲಫೂರಿಯಾದಲ್ಲಿ, ಬಂಡೆಗಳ ಅಂಚಿನ ತಿರುವಿನಲ್ಲಿ ಎದುರಿನಿಂದ ಲಾರಿ ಬರುವುದು ಕಾಣದೆ ಮುಂದಿನ ಕಾರನ್ನು ಹಿಂದಿಕ್ಕಲು ಹೋದವನು ಅವನು.

ಆದರೆ ಆ ಕೊನೆಯ ಮೈಲಿಗಳಲ್ಲಿ ರೊಬೆರ್ತೊನನ್ನು ನೋಡಿ. ವಲೇರಿಯಾ ವಿಯಾರೆಜ್ಜೊದಲ್ಲಿದ್ದಾಳೆ ಎಂದು ಗೊತ್ತಾಗಿದೆ, ಅವಳನ್ನು ಕಾಣಲು ಹೊರಟಿದ್ದಾನೆ. ಒಳಗೊಳಗೇ ಗೊಣಗಿಕೊಳ್ಳುತ್ತಿದ್ದ ಹುಡುಗ ಈಗ ಬಾಯಿಬಿಟ್ಟು ಕೂಗುತ್ತಿದ್ದಾನೆ: ಹೋಗು, ಇನ್ನೂ ಜೋರಾಗಿ ಹೋಗು. ಬ್ರೂನೋನ ಭಾಷೆ ಅವನಿಗೆ ಬಂದುಬಿಟ್ಟಿದೆ. ಬದುಕುವುದನ್ನು ಕಲಿತ ಗಳಿಗೆಯೂ ಸಾಯುವ ಗಳಿಗೆಯೂ ಒಂದೇ ಆಗುವಂತೆ ಕಟ್ಟಿದ್ದಾರೆ. ಅವನನ್ನು ಮುಗ್ಧ ಬಲಿಪಶು ಎನ್ನುವುದು ಆ ಎರಡು ದಿನ ಅವನು ಗಳಿಸಿಕೊಂಡದ್ದನ್ನು ಕಿತ್ತುಕೊಂಡಂತೆ. ನನಗೆ ಆ ಓದು ಹಿಡಿಸುವುದಿಲ್ಲ, ಕೆಲವರು ಅದನ್ನೇ ಹಿಡಿದು ವಾದಿಸುತ್ತಾರೆ.

ಕೊನೆಯಲ್ಲಿ ಪೊಲೀಸರ ಪ್ರಶ್ನೆಗೆ ಬ್ರೂನೋ ಹೇಳುವುದು ಏನು?

ಸತ್ತವನು ನಿಮ್ಮ ಬಂಧುವೇ ಎಂದು ಕೇಳುತ್ತಾರೆ. ಹೆಸರು ರೊಬೆರ್ತೊ, ಮನೆತನದ ಹೆಸರು ಗೊತ್ತಿಲ್ಲ, ನಿನ್ನೆ ಬೆಳಿಗ್ಗೆ ಪರಿಚಯವಾಯಿತು ಎನ್ನುತ್ತಾನೆ.

ಇಡೀ ಚಿತ್ರದಲ್ಲಿ ಬ್ರೂನೋ ಆಡಿದ ಅತಿ ಚಿಕ್ಕ ಮಾತು ಇದೇ ಇರಬೇಕು. ರೊಬೆರ್ತೊನ ಬಾಲ್ಯ, ನೆಂಟರು, ಮೆಚ್ಚಿದ ಹುಡುಗಿ ಎಲ್ಲ ಗೊತ್ತು, ಮನೆತನದ ಹೆಸರು ಮಾತ್ರ ಕೇಳಿಲ್ಲ. ವಾರಂಟಿನಲ್ಲೋ ಮರಣಪತ್ರದಲ್ಲೋ ಬರೆಯುವ ಹೆಸರು ಸ್ನೇಹಿತರಿಗೆ ಬೇಕಾಗುವುದೂ ಇಲ್ಲ. ಅವನನ್ನು ಚಿತ್ರ ಇಲ್ಲಿ ದೂಷಿಸುತ್ತಿದೆ ಎಂದು ಕೆಲವರು ಓದುತ್ತಾರೆ, ಎಷ್ಟು ಕಡಿಮೆ ಗೊತ್ತಿದ್ದರೂ ಎಷ್ಟು ಹತ್ತಿರವಾಗಬಹುದು ಎಂದು ಕೆಲವರು. ಗಸ್ಮನ್‌ರ ಮುಖದಲ್ಲಿ ಎರಡಕ್ಕೂ ಜಾಗವಿದೆ. ದೊಡ್ಡ ನಟ ಎಂದರೆ ಯಾರು ಎಂದು ಕೇಳಿದವರಿಗೆ ನಾನು ತೋರಿಸುವುದು ಈ ಅರ್ಧ ನಿಮಿಷವನ್ನು.

ಅಮೆರಿಕದ 'ಈಸಿ ರೈಡರ್' ಇದರಿಂದ ಹುಟ್ಟಿತು ಎನ್ನುತ್ತಾರೆ. ಹೌದೇ?

ಅದರ ಮೇಲೆ ಈ ಚಿತ್ರದ ಪ್ರಭಾವವಿದೆ ಎಂದು ಬಹಳ ಜನ ಬರೆದಿದ್ದಾರೆ. ಇಂಗ್ಲಿಷ್ ಹೆಸರುಗಳ ಹೋಲಿಕೆ ಹೇಗೂ ಕಣ್ಣಿಗೆ ಬೀಳುತ್ತದೆ. ರಸ್ತೆ, ಜೋಡಿ ಗೆಳೆಯರು, ಹಠಾತ್ ಸಾವು ಎರಡರಲ್ಲೂ ಇವೆ. ಆದರೆ 1969ರ ಆ ಚಿತ್ರದ ಗೆಳೆಯರು ಸಮಾಜಕ್ಕೆ ಬೆನ್ನು ಹಾಕಿ ಹೊರಟವರು. ಬ್ರೂನೋ ಹಾಗಲ್ಲ. ಆ ಸಮಾಜದ ಊಟದ ಮೇಜಿನಲ್ಲಿ ತನಗೊಂದು ಕುರ್ಚಿ ಬೇಕು ಎಂದು ಹಂಬಲಿಸುವವನು.

ಇಷ್ಟವಾಯಿತು. ಮುಂದೆ ಏನು ನೋಡಲಿ?

ರೀಸಿ ಮತ್ತು ಗಸ್ಮನ್ ಜೋಡಿಯ 1974ರ 'ಪ್ರೊಫೂಮೊ ದಿ ದೊನ್ನಾ'. ಕಣ್ಣು ಕಳೆದುಕೊಂಡ ಸೇನಾಧಿಕಾರಿ, ಜೊತೆಗೆ ಒಬ್ಬ ಎಳೆಯ ಸೈನಿಕ, ಮತ್ತೆ ಒಂದು ಪ್ರಯಾಣ. 1992ರಲ್ಲಿ ಅಲ್ ಪಚೀನೊ ನಟಿಸಿದ ಹಾಲಿವುಡ್ ಚಿತ್ರವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ, ಅದರ ಮೂಲ ಇದು. ದೊಡ್ಡವನೊಬ್ಬ ಮತ್ತು ಮಗುವೊಂದರ ನಡುವಿನ ಸ್ನೇಹ ಬೇಕಿದ್ದರೆ ಜರ್ಮನಿಯ ವಿಮ್ ವೆಂಡರ್ಸ್ 1974ರಲ್ಲಿ ತೆಗೆದ 'ಆಲಿಸ್ ಇನ್ ದ ಸಿಟೀಸ್' ಇದೆ. ಅದೂ ಕಪ್ಪು-ಬಿಳುಪು, ನಡಿಗೆ ಇದಕ್ಕಿಂತ ಬಹಳ ನಿಧಾನ. ಎರಡನ್ನೂ ಮೂಲ ಭಾಷೆಯಲ್ಲೇ, ಉಪಶೀರ್ಷಿಕೆ ಹಾಕಿಕೊಂಡು ನೋಡಿ. ಗಸ್ಮನ್‌ರ ಗಂಟಲನ್ನು ಬೇರೊಬ್ಬರ ಧ್ವನಿಯಲ್ಲಿ ಕೇಳುವುದಾದರೆ ನೋಡದಿರುವುದೇ ವಾಸಿ.